ಸೊಸೆಯ ಬಾಯಿಗೆ ಬಂದ ಹೆಸರು

ಈ ಕಥೆಯನ್ನು ಮೊದಲು ಹೇಳಿದವಳು ತಲಾಸ್ ನದಿಯ ಮೇಲ್ದಂಡೆಯ ಹಳ್ಳಿಯೊಂದರ ಗುಲ್ಸುನ್ ಎಂಬ ವೃದ್ಧೆ. ೨೦೧೯ರ ಶರತ್ಕಾಲದಲ್ಲಿ, ಬೀನ್ಸ್ ಬಡಿದು ಕಾಳನ್ನು ಒಳಗೆ ತಂದ ಮೇಲೆ, ಅವಳ ಕಣಜದ ಕೋಣೆಯಲ್ಲಿ ನೆರೆಯ ಹೆಂಗಸರು ಕೂತು ಕಲ್ಲು ಆರಿಸುತ್ತಿದ್ದಾಗ ಹೇಳಿದಳು. ಆಮೇಲೆ ಇದೇ ಕಥೆಯನ್ನು ಬೇರೆಯವರೂ ಹೇಳಿದ್ದುಂಟು. ಒಬ್ಬಳ ಪಾಠದಲ್ಲಿ ಸೊಸೆ ಕೂರುತ್ತಿದ್ದುದು ಕಾಲುವೆಯ ಸೇತುವೆಯ ಮೇಲೆ. ಗುಲ್ಸುನ್ ಮಾತ್ರ ಅದು ಬಸ್ ತಂಗುದಾಣವೆಂದೂ ಅಲ್ಲಿನ ಬೆಂಚಿಗೆ ಒಂದು ಹಲಗೆ ಕಡಿಮೆಯೆಂದೂ ಖಚಿತವಾಗಿ ಹೇಳಿದಳು. ಇಲ್ಲಿ ಅನುಸರಿಸಿರುವುದು ಅವಳ ಪಾಠವನ್ನೇ.

ಸಾಯ್ರಾಕಾನಳದು ಚಿಕ್ಕ ಸಂಸಾರ. ಗಂಡ ತೀರಿಕೊಂಡು ಕೆಲವು ಚಳಿಗಾಲಗಳಾಗಿದ್ದವು. ಮಗ ಮಿರ್ಲಾನ್ ರಾಜಧಾನಿ ಬಿಶ್ಕೆಕ್ ನಗರದಲ್ಲಿ ಗಾರೆ ಕೆಲಸ ಮಾಡುತ್ತಿದ್ದ, ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಸೊಸೆ ಜಿಪಾರ್ ಊರ ಶಾಲೆಯ ಶಿಕ್ಷಕಿ, ಮಕ್ಕಳ ಬಾಯಲ್ಲಿ ‘ಅಕ್ಕೋರು’. ಆ ವರ್ಷ ಇನ್ನೊಬ್ಬ ಶಿಕ್ಷಕಿ ಕೆಲಸ ಬಿಟ್ಟು ಮಾಸ್ಕೋಗೆ ಹೊರಟುಹೋದ್ದರಿಂದ ಬೆಳಗಿನ ಪಾಳಿಯ ಮೂರನೆಯ ತರಗತಿಯ ಜೊತೆಗೆ ಮಧ್ಯಾಹ್ನದ ಪಾಳಿಯ ನಾಲ್ಕನೆಯ ತರಗತಿಯೂ ಅವಳ ಪಾಲಿಗೆ ಬಂದಿತ್ತು. ಮೊಮ್ಮಗಳು ಬೆರ್ಮೆತ್ ಆಗಷ್ಟೇ ಒಂದನೆಯ ತರಗತಿಗೆ ಸೇರಿದ್ದಳು.

ಜಿಪಾರ್ ಒಳ್ಳೆಯ ಸೊಸೆಯೆಂದು ಊರೇ ಒಪ್ಪಿತ್ತು. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಿಬಿಟ್ಟು ಹೇಳುವಂತಿಲ್ಲ. ಆ ಹೆಸರಿನ ವಸ್ತುವೊಂದಿದ್ದರೆ ಅದಕ್ಕೂ ಬೇರೆ ಮಾತು ಹುಡುಕಿಕೊಳ್ಳಬೇಕು. ಅವಳ ಮಾವನ ಹೆಸರು ತೆಮಿರ್, ಎಂದರೆ ಕಬ್ಬಿಣ. ಈಗಿನ ಸೊಸೆಯರು ಇದನ್ನೆಲ್ಲ ಬಿಟ್ಟಿದ್ದರೂ ಜಿಪಾರ್ ಬಿಟ್ಟಿರಲಿಲ್ಲ. ಇಸ್ತ್ರಿಪೆಟ್ಟಿಗೆ ಅವಳಿಗೆ ‘ಬಿಸಿಯದು’, ಬಾಗಿಲ ಅಗುಳಿ ‘ಗಟ್ಟಿಯದು’. ಮಾವ ಮಣ್ಣಿಗೆ ಹೋದ ಮೇಲೂ ಹಾಗೆಯೇ ಕರೆಯುತ್ತಿದ್ದಳು. ಸಾಯ್ರಾಕಾನ್ ಇದನ್ನು ಮನೆಮನೆಯಲ್ಲೂ ಹೇಳಿಕೊಂಡು ಬಂದವಳು.

ಅಂಥ ಸೊಸೆಯ ಮೇಲೆ ಅನುಮಾನ ಹುಟ್ಟಿದ್ದು ಚಹಾದಿಂದ.

ನೆರೆಮನೆಯ ಕಲಿಪಾ ಬಂದಿದ್ದಳು. ಅವಳೂ ಹಿಂದೆ ಶಿಕ್ಷಕಿ, ಈಗ ಪಿಂಚಣಿ ಪಡೆಯುತ್ತಿದ್ದವಳು. ಊಟದ ಹಾಸು ಹಾಸಿ, ರೊಟ್ಟಿ ಮುರಿದು, ಚಹಾ ಸುರಿಯಲು ಜಿಪಾರ್ ಕೂತಳು. ಚಹಾವನ್ನು ಬಟ್ಟಲಿನ ಅರ್ಧಕ್ಕೆ ಹಾಕುವುದು ವಾಡಿಕೆ. ಮತ್ತೆ ಮತ್ತೆ ಹಾಕಬೇಕು, ಮತ್ತೆ ಮತ್ತೆ ಮಾತಾಡಬೇಕು. ಅಂಚಿನವರೆಗೆ ತುಂಬಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದು ಹೇಳಿದಂತೆ. ಜಿಪಾರ್ ಅಂಚಿನವರೆಗೆ ತುಂಬಿದಳು.

ಕಲಿಪಾ ಬಟ್ಟಲನ್ನು ನೋಡಿ ನಕ್ಕಳು. "ಏನೇ ಹುಡುಗಿ, ಈಗ್ಲೇ ಹೊರಡು ಅಂತೀಯಾ? ಇನ್ನೂ ಕಾಲು ಮಡಚಿ ಕೂತಿಲ್ಲ ನಾನು."

"ಏನು?" ಎಂದಳು ಜಿಪಾರ್.

"ಬಟ್ಟಲು ನೋಡು, ಬಟ್ಟಲು" ಎಂದಳು ಸಾಯ್ರಾಕಾನ್.

ಜಿಪಾರ್ ನೋಡಿದಳು. ಅವಳ ಮುಖ ಕೆಂಪಾಗಲಿಲ್ಲ, ಕ್ಷಮಿಸಿ ಎನ್ನಲಿಲ್ಲ. "ಓ" ಎಂದು, ಅತ್ತೆಯ ಬಟ್ಟಲನ್ನೂ ಹಾಗೆಯೇ ಅಂಚಿಗೆ ತುಂಬಿ ಮುಂದಿಟ್ಟಳು.

ಕಲಿಪಾ ಹೋದ ಮೇಲೆ ಸಾಯ್ರಾಕಾನ್ ಕೇಳಿದಳು. "ಮನೆಗೆ ಬಂದೋರ ಎದುರು ನನ್ನ ಮಾನ ತೆಗೀಬೇಕು ಅಂತಾನೇ ಮಾಡಿದ್ಯಾ?"

"ಇಲ್ಲ ಅಪಾ."

"ಮತ್ತೆ?"

"ನೋಡ್ಲಿಲ್ಲ."

"ಕಣ್ಣು ತೆರ್ಕೊಂಡೇ ಸುರಿದ್ಯಲ್ಲ."

"ಹೂಂ. ಆದ್ರೂ ನೋಡ್ಲಿಲ್ಲ" ಎಂದು ಜಿಪಾರ್ ಹಾಸನ್ನು ಮಡಚಿಕೊಂಡು ಎದ್ದಳು. ಅವಳು ಅತ್ತೆಯನ್ನು ಅಪಾ, ಎಂದರೆ ಅಮ್ಮ ಎಂದೇ ಕರೆಯುತ್ತಿದ್ದುದು. ಆ ದಿನ ಆ ಮಾತೂ ಅವಳ ಬಾಯಿಂದ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಾಗಿ ಬಂತು.

ಅಲ್ಲಿಂದ ಮುಂದೆ ಸಾಯ್ರಾಕಾನ್ ಎಲ್ಲವನ್ನೂ ಗಮನಿಸತೊಡಗಿದಳು. ಬುಟ್ಟಿಯಲ್ಲಿ ದಿನಕ್ಕೊಂದೆರಡು ರೊಟ್ಟಿ ಕಡಿಮೆಯಾಗುತ್ತಿತ್ತು. ಒಂದು ಸಂಜೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಬೆರ್ಮೆತ್ ಮುಖ ಕಿವುಚಿದಳು, ಸಾಯ್ರಾಕಾನ್ ಚಮಚ ಕೆಳಗಿಟ್ಟಳು, ಜಿಪಾರ್ ಮಾತ್ರ ಬಟ್ಟಲು ಬರಿದಾಗುವವರೆಗೆ ಉಂಡಳು. ಇನ್ನೊಂದು ಸಂಜೆ ಹಾಲು ಕರೆಯಲು ಹೋದವಳು ಬರಿಯ ಬಕೆಟ್ ಹಿಡಿದು ಹಿಂದಿರುಗಿ, ಬಕೆಟ್ಟನ್ನು ಗೋಡೆಗೆ ಒರಗಿಸಿ, ಬೂಟು ಬಿಚ್ಚದೆ ಹೊಸ್ತಿಲ ಮೇಲೆ ಕೂತಳು. ಕೊಟ್ಟಿಗೆಯಲ್ಲಿ ಹಸು ಕೂಗುತ್ತಲೇ ಇತ್ತು. ಕೊನೆಗೆ ಸಾಯ್ರಾಕಾನಳೇ ಹೋಗಿ ಹಾಲು ಕರೆದು ತಂದಳು.

ಮೊದಲು ಬಸುರಿಯಿರಬೇಕು ಎಂದುಕೊಂಡಳು. ಎರಡು ವಾರ ಕಾದಳು, ಹುಳಿ ಬಯಸುತ್ತಾಳೇನೋ ಎಂದು ಒಣ ಏಪ್ರಿಕಾಟನ್ನು ಎದುರಿಗಿಟ್ಟು ನೋಡಿದಳು. ಜಿಪಾರ್ ಅದನ್ನು ಮುಟ್ಟಲಿಲ್ಲ. ಆಮೇಲೆ, ಇವಳೂ ಮಾಸ್ಕೋದ ದಾರಿ ಹಿಡಿಯುತ್ತಾಳೆ ಎಂದುಕೊಂಡಳು. ಊರಿನ ಎಳೆಯ ಹೆಂಗಸರಲ್ಲಿ ಅರ್ಧಕ್ಕರ್ಧ ಅಲ್ಲಿಯೇ ಇದ್ದರು, ಆಸ್ಪತ್ರೆಯ ನೆಲ ಒರೆಸುತ್ತ, ಅಂಗಡಿಯಲ್ಲಿ ಪೆಟ್ಟಿಗೆ ಜೋಡಿಸುತ್ತ. ಅವರ ಮಕ್ಕಳೆಲ್ಲ ಇಲ್ಲಿ ಅಜ್ಜ ಅಜ್ಜಿಯರ ಮಡಿಲಲ್ಲಿ.

"ಮಾಸ್ಕೋಗೆ ಹೋಗೋ ಯೋಚ್ನೆ ಇದ್ಯಾ?" ಎಂದು ನೇರವಾಗಿಯೇ ಕೇಳಿದಳು, ರೊಟ್ಟಿಯ ಹಿಟ್ಟು ನಾದುವಾಗ.

"ಇಲ್ಲ ಅಪಾ. ಅಲ್ಲಿ ಹೋದ್ರೂ ಮಾತಾಡ್ಬೇಕಲ್ಲ."

"ಇದೆಂಥ ಉತ್ತರ?"

ಜಿಪಾರ್ ಭುಜ ಹಾರಿಸಿ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು.

ಶಾಲೆ ಬಿಟ್ಟು ಮನೆಗೆ ಬರುವ ಹೊತ್ತು ದಿನದಿಂದ ದಿನಕ್ಕೆ ತಡವಾಗುತ್ತಿತ್ತು. ಅಂಗಡಿಯವಳು ಸಕ್ಕರೆ ತೂಗುತ್ತ, ಬೇಕೆಂದೇ ಎಲ್ಲೋ ನೋಡುತ್ತ ಅಂದಳು: "ನಿಮ್ಮ ಅಕ್ಕೋರು ದಿನಾ ಬಸ್ ತಂಗುದಾಣದಲ್ಲಿ ಕೂತಿರ್ತಾರಲ್ಲ. ಎಲ್ಲಿಗೋ ಹೋಗ್ತಾರೇನೋ ಅಂದ್ಕೊಂಡೆ."

"ನಡೆದು ಸುಸ್ತಾಗಿರುತ್ತೆ" ಎಂದಳು ಸಾಯ್ರಾಕಾನ್.

"ಶಾಲೆಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ" ಎಂದಳು ಅಂಗಡಿಯವಳು.

ಮರುದಿನ ಸಾಯ್ರಾಕಾನ್ ಪಕ್ಕದ ಬೀದಿಯ ಪಾಪ್ಲರ್ ಮರಗಳ ಹಿಂದೆ ನಿಂತು ನೋಡಿದಳು. ಸೊಸೆ ಬೆಂಚಿನ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಎದುರಿಗೆ ಬಿಳಿ ವ್ಯಾನು ನಿಂತಿತ್ತು. ವ್ಯಾನು ಬೊಲೊತನದು. ಅವನು ಪಟ್ಟಣಕ್ಕೆ ಜನರನ್ನು ಒಯ್ಯುವವನು. ಹೆಂಡತಿ ಮಾಸ್ಕೋದಲ್ಲಿ, ಬರುವ ಸುದ್ದಿಯಿಲ್ಲ. ಮೀಸೆಗೆ ಬಣ್ಣ ಹಚ್ಚುತ್ತಾನೆಂದು ಹುಡುಗಿಯರು ನಗುತ್ತಿದ್ದರು. ಆ ಹೊತ್ತಿಗೆ ಅವನು ವ್ಯಾನಿಗೆ ಒರಗಿ ಸಿಗರೇಟು ಸೇದುತ್ತಿದ್ದ. ಇಬ್ಬರೂ ಮಾತಾಡಿದ್ದನ್ನು ಅವಳು ಕಾಣಲಿಲ್ಲ. ಆದರೆ ಕಾಣದ್ದಕ್ಕೇ ಅವಳಿಗೆ ಹೆಚ್ಚು ಅನುಮಾನ ಬಂತು.

ಅದಾದ ಕೆಲವೇ ದಿನಕ್ಕೆ ಅವಳು ಕೊಟ್ಟಿಗೆಯ ಹಿಂದೆ ಸಗಣಿ ಬೆರಣಿ ಒಟ್ಟುತ್ತಿದ್ದಾಗ ಒಳಗಿನಿಂದ ಸೊಸೆಯ ದನಿ ಕೇಳಿಸಿತು. ಫೋನಿನಲ್ಲಿ ಯಾರೊಂದಿಗೋ ತಗ್ಗಿ ಮಾತಾಡುತ್ತಿದ್ದಳು.

"ಬೊಲೊತ್ ಊಟ ಮಾಡ್ದ. ನಾನೇ ಎದುರಿಗೆ ಕೂತು ತಿನ್ನಿಸ್ದೆ. ಇಲ್ಲ, ಇಲ್ಲ, ಅವನ ಮೇಲೆ ಕೋಪ ಏನೂ ಇಲ್ಲ ನಂಗೆ."

ಸಾಯ್ರಾಕಾನಳ ಕೈಯಲ್ಲಿದ್ದ ಬೆರಣಿ ಎರಡು ಹೋಳಾಯಿತು. ಬುಟ್ಟಿಯಿಂದ ರೊಟ್ಟಿಗಳು ಕಾಣೆಯಾಗುತ್ತಿದ್ದುದಕ್ಕೆ ಅವಳಿಗೆ ಅಲ್ಲಿಯೇ ಉತ್ತರ ಸಿಕ್ಕಿತು.

ಯಾರನ್ನಾದರೂ ಕೇಳಬಹುದಿತ್ತು. ಶಾಲೆಯ ಕಸ ಗುಡಿಸುವವಳಿದ್ದಳು, ಕಲಿಪಾ ಇದ್ದಳು. ಆದರೆ ಇಂಥ ಮಾತನ್ನು ಕೇಳುವುದೂ ಊರಿಗೆ ಸಾರುವುದೂ ಒಂದೇ. ಅವಳು ಮೊಮ್ಮಗಳ ಜಡೆ ಹೆಣೆಯುವ ನೆಪದಲ್ಲಿ ಅವಳನ್ನೇ ಕೇಳಿದಳು.

"ಅಮ್ಮ ನಿನ್ನ ಹತ್ರ ಏನೇನು ಮಾತಾಡ್ತಾಳೆ, ಬೆರ್ಮೆತ್?"

"ಏನೂ ಮಾತಾಡಲ್ಲ ಅಜ್ಜಿ. ನಾನು ಬಿದ್ದು ಮಂಡಿ ತರಚಿತ್ತಲ್ಲ, ತೋರಿಸ್ದೆ. ಅಮ್ಮ ‘ಆಮೇಲೆ ಬಾ, ಸಾಲಲ್ಲಿ ನಿಂತ್ಕೋ’ ಅಂದ್ಳು."

"ಸಾಲಲ್ಲಾ?"

"ಮನೇಲಿ ಸಾಲೇ ಇಲ್ಲ" ಎಂದಳು ಹುಡುಗಿ, ನಗಬೇಕೋ ಬೇಡವೋ ತಿಳಿಯದೆ.

ತಿಂಗಳ ಕೊನೆಗೆ ಮಿರ್ಲಾನ್ ಬಂದ. ಸಾಯ್ರಾಕಾನ್ ಮಾಂಸ ಆಲೂಗಡ್ಡೆ ಹುರಿದು ಕುರ್ದಾಕ್ ಮಾಡಿದ್ದಳು. ಅವನು ಬಿಶ್ಕೆಕ್‌ನ ಮೇಸ್ತ್ರಿಯನ್ನು ಬೈಯುತ್ತ ಉಣ್ಣುತ್ತಿದ್ದ. ಜಿಪಾರ್ ಬಾಗಿಲ ಹತ್ತಿರ, ಕೆಟಲಿನ ಪಕ್ಕ ಕೂತಿದ್ದಳು.

"ನಿನ್ನ ಮೇಸ್ತ್ರಿ ಮನೆ ಕಟ್ತಾನೆ" ಎಂದಳು ಸಾಯ್ರಾಕಾನ್. "ಇಲ್ಲಿ ಇರೋ ಮನೇನ ಯಾರು ನೋಡ್ಕೋತಾರೆ?"

"ಏನಾಯ್ತು ಅಪಾ?"

"ಏನಿಲ್ಲ. ಉಣ್ಣು."

"ಹೇಳೋದಿದ್ರೆ ನೇರ ಹೇಳು. ಸುತ್ತಿ ಬಳಸಿ ಹೇಳಿದ್ರೆ ತುತ್ತು ಇಳಿಯಲ್ಲ ನಂಗೆ."

"ಬೊಲೊತ್ ಯಾರು ಅಂತ ನಿನ್ನ ಹೆಂಡ್ತಿನ ಕೇಳು."

ಮಿರ್ಲಾನ್ ಹೆಂಡತಿಯ ಕಡೆ ತಿರುಗಿದ. "ಯಾವ ಬೊಲೊತ್? ವ್ಯಾನಿನೋನಾ?"

ಜಿಪಾರ್ ಅವನನ್ನು ದೂರದಿಂದ ಬರುವ ಬಸ್ಸನ್ನು ನೋಡುವ ಹಾಗೆ ನೋಡಿದಳು. "ನನ್ನ ತರಗತಿ ಹುಡುಗ" ಎಂದಳು.

"ಸುಳ್ಳು" ಎಂದಳು ಸಾಯ್ರಾಕಾನ್. "ಈ ಊರಲ್ಲಿ ಯಾರ ಮನೇಲಿ ಯಾವ ಮಗು ಇದೆ ಅಂತ ನಂಗೊತ್ತು. ಆ ವಯಸ್ಸಿನ ಬೊಲೊತ್ ಒಬ್ಬನೂ ಇಲ್ಲ. ರೊಟ್ಟಿ ಯಾರಿಗೆ ಹೋಗುತ್ತೆ? ಕೊಟ್ಟಿಗೇಲಿ ಕೂತು ಯಾರಿಗೆ ಹೇಳ್ತಿದ್ದೆ, ತಿನ್ನಿಸ್ದೆ ಅಂತ?"

"ಹೇಳು" ಎಂದ ಮಿರ್ಲಾನ್.

ಅವರಿಬ್ಬರೂ ಅಳುವನ್ನೋ ಕೂಗನ್ನೋ ಕಾದರು. ಹೆಂಗಸೊಬ್ಬಳ ಮೇಲೆ ಅಂಥ ಮಾತು ಬಿದ್ದರೆ ಅವಳು ಬಟ್ಟಲು ಎಸೆಯಬೇಕು, ದೇವರ ಮೇಲೆ ಆಣೆ ಇಡಬೇಕು. ಜಿಪಾರ್ ಕೆಟಲನ್ನು ಮುಟ್ಟಿ ನೋಡಿದಳು. "ತಣ್ಣಗಾಗಿದೆ" ಎಂದಳು. "ನೀವು ಏನು ಬೇಕಾದ್ರೂ ಅಂದ್ಕೊಳ್ಳಿ. ನಂಗೆ ಹೇಳೋಕೆ ಆಗ್ತಿಲ್ಲ."

ಮಿರ್ಲಾನ್ ಕೈ ತೊಳೆಯದೆ ಎದ್ದ. "ದೊಡ್ಡಪ್ಪನ ಮನೇಲಿ ಇರ್ತೀನಿ. ಶುಕ್ರವಾರ ಹಿರಿಯರನ್ನ ಕರ್ಕೊಂಡು ಬರ್ತೀನಿ. ಅಪಾ, ನೀನು ನೋಡಿದ್ದು ಅವರ ಮುಂದೆ ಹೇಳ್ಬೇಕು. ಹೇಳಿದ್ಮೇಲೆ ಇವಳನ್ನ ತವರಿಗೆ ಬಿಟ್ಟು ಬರ್ತೀನಿ. ಮಗು ಇಲ್ಲೇ ಇರುತ್ತೆ."

ಬಾಗಿಲು ಬಡಿಯಿತು. ಜಿಪಾರ್ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೊರಗೆ ತೊಳೆಯಲು ಹೋದಳು. ಸಾಯ್ರಾಕಾನಳಿಗೆ ಗೆದ್ದೆ ಎನಿಸಬೇಕಿತ್ತು. ಸೊಸೆ ಹೋದರೆ ಹಸು, ಒಲೆ, ಬೀನ್ಸ್ ಹೊಲ, ತಾಯಿಯಿಲ್ಲದ ಹುಡುಗಿ, ಎಲ್ಲ ತನ್ನ ಹೆಗಲಿಗೆ ಬರುತ್ತದೆ ಎಂಬುದಷ್ಟೇ ಹೊಳೆಯಿತು. ಹಿರಿಯರ ಮುಂದೆ ಆಡಿದ ಮಾತು ಹಿಂದೆ ಬರುವುದಿಲ್ಲ. ಆಡುವ ಮೊದಲು ಕಣ್ಣಾರೆ ಕಂಡಿರಬೇಕು ಎಂದು ಗುರುವಾರ ತಲೆವಸ್ತ್ರ ಬಿಗಿದು ಹೊರಟಳು.

ಮೊದಲು ವ್ಯಾನಿನ ಹತ್ತಿರ ಹೋದಳು.

"ನನ್ನ ಸೊಸೆ ಹತ್ರ ಏನು ಕೆಲ್ಸ ನಿಂಗೆ?"

ಬೊಲೊತ್ ಸಿಗರೇಟು ಕೆಳಗೆ ಹಾಕಿದ. "ಏನು ಕೆಲ್ಸ ಅಜ್ಜಿ? ಅವರು ದಿನಾ ಬಂದು ಕೂರ್ತಾರೆ. ಪಟ್ಟಣಕ್ಕೆ ಬರ್ತಾರೇನೋ ಅಂತ ನಾನು ಕಾಯ್ತೀನಿ. ಒಂದಿನ ಕೇಳಿದೆ, ‘ಹತ್ತುತ್ತೀರಾ ಅಕ್ಕೋರೇ’ ಅಂತ. ನನ್ನ ಕಡೆ ನೋಡಿ, ‘ಕೈ ಎತ್ತಿ ಮಾತಾಡು’ ಅಂದ್ರು. ಆಮೇಲಿಂದ ನಾನು ಬಾಯಿ ಬಿಟ್ಟಿಲ್ಲ."

ಸಾಯ್ರಾಕಾನ್ ಅವನ ಮೀಸೆಯನ್ನೇ ನೋಡಿದಳು. ಸುಳ್ಳು ಹೇಳುವ ಗಂಡಸು ಇದಕ್ಕಿಂತ ಚೆನ್ನಾಗಿರುವುದನ್ನು ಹೇಳುತ್ತಾನೆ ಎನಿಸಿ, ಶಾಲೆಯ ಕಡೆ ನಡೆದಳು.

ಮೂರನೆಯ ತರಗತಿಯ ಬಾಗಿಲು ಅರ್ಧ ತೆರೆದಿತ್ತು. ಅವಳು ಓಣಿಯಲ್ಲಿ, ಕೋಟುಗಳನ್ನು ನೇತುಹಾಕುವ ಗೂಟಗಳ ಪಕ್ಕ ನಿಂತಳು. ಒಳಗೆ ಜಿಪಾರಳ ದನಿ ಕೇಳಿಸಿತು: "ಬೊಲೊತ್, ಬೋರ್ಡಿಗೆ ಬಾ."

ತೋಳು ಉದ್ದವಾದ ಸ್ವೆಟರಿನ ಸಣ್ಣ ಹುಡುಗನೊಬ್ಬ ಎದ್ದು ಬಂದ. ಆಗ ಬೋರ್ಡು ಒರೆಸುವ ಬಟ್ಟೆ ಒದ್ದೆ ಮಾಡಲು ಒಬ್ಬ ಹುಡುಗಿ ಹೊರಗೆ ಬಂದಳು. ಸಾಯ್ರಾಕಾನ್ ಅವಳ ತೋಳು ಹಿಡಿದಳು.

"ಆ ಹುಡುಗ ಯಾರ ಮನೆಯೋನು? ಅವನ ಹೆಸರು ಬೊಲೊತ್ತಾ?"

"ಅಲ್ಲ ಅಜ್ಜಿ. ಅವನು ತೆಮಿರ್, ಮಿಲ್ಲಿನ ಅಜ್ಜಿ ಮೊಮ್ಮಗ. ಅಕ್ಕೋರು ಆ ಹೆಸರು ಹೇಳಲ್ಲ. ಅವರ ಮನೇಲಿ ಯಾರೋ ದೊಡ್ಡೋರ ಹೆಸರಂತೆ. ಅದಕ್ಕೆ ಬೊಲೊತ್ ಅಂತಾರೆ. ಕಬ್ಬಿಣ ಇನ್ನೂ ಗಟ್ಟಿಯಾದ್ರೆ ಬೊಲೊತ್ ಆಗುತ್ತಂತೆ, ಉಕ್ಕು. ಅವನಿಗೂ ಖುಷಿ."

ಸಾಯ್ರಾಕಾನ್ ಹುಡುಗಿಯ ತೋಳು ಬಿಟ್ಟಳು. ತನ್ನ ಸತ್ತ ಗಂಡನಿಗೆ ಸೊಸೆ ಮನೆಯ ಹೊರಗೂ, ಯಾರೂ ನೋಡದ ಕಡೆಯೂ ಸಲ್ಲಿಸಿದ ಮರ್ಯಾದೆಯನ್ನೇ ತಾನು ಹಿಡಿದು ಜಗ್ಗಿದ್ದೆನೆಂದು ಅವಳಿಗೆ ತಿಳಿಯಿತು. ಆಗಲೇ ತಿರುಗಿ ಹೋಗುತ್ತಿದ್ದಳೇನೋ. ಆದರೆ ಬೋರ್ಡಿನ ಹತ್ತಿರ ನಿಂತ ಹುಡುಗ ಅಳತೊಡಗಿದ್ದ. ಲೆಕ್ಕ ಬಾರದ್ದಕ್ಕೆ ಅತ್ತ ಅಳು ಅದಲ್ಲ. ಭುಜ ಕುಣಿಯುತ್ತಿತ್ತು, ದನಿ ಇರಲಿಲ್ಲ. ಜಿಪಾರ್ ಅವನ ತಲೆಯ ಮೇಲೆ ಕೈಯಿಟ್ಟಳು, ಮೇಜು ಒರೆಸುವ ಹಾಗೆ ಆ ಕೈಯನ್ನು ಆಚೀಚೆ ಆಡಿಸಿದಳು. ಕಣ್ಣು ಕಿಟಕಿಯ ಆಚೆ ಇತ್ತು. ಹುಡುಗ ಅಳು ನಿಲ್ಲಿಸಿದ ಮೇಲೂ ಕೈ ಆಡುತ್ತಲೇ ಇತ್ತು.

ಪರಗಂಡಸಿನ ಕುರಿತ ಅನುಮಾನ ಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಭಾರವಾಗಿತ್ತು.

ಸಂಜೆ, ಮಧ್ಯಾಹ್ನದ ಪಾಳಿ ಮುಗಿಯುವವರೆಗೆ ಅವಳು ತಂಗುದಾಣದ ಬೆಂಚಿನ ಮೇಲೆ, ಹಲಗೆಯಿಲ್ಲದ ಸಂದಿಯನ್ನು ತಪ್ಪಿಸಿ ಕೂತಿದ್ದಳು. ಜಿಪಾರ್ ಬಂದಳು, ಅತ್ತೆಯನ್ನು ಕಂಡು ಅಚ್ಚರಿಪಡದೆ ಪಕ್ಕದಲ್ಲಿ ಕೂತಳು.

"ತೆಮಿರ್ ಯಾಕೆ ಅತ್ತ?" ಎಂದಳು ಸಾಯ್ರಾಕಾನ್. ಆ ಹೆಸರನ್ನು ಹೇಳಲು ಅವಳಿಗೆ ಅಡ್ಡಿಯಿರಲಿಲ್ಲ.

"ಅವರಮ್ಮ ಮುಂದಿನ ಬೇಸಿಗೇಲೂ ಬರಲ್ವಂತೆ."

"ನೀನು ಕಿಟಕಿ ನೋಡ್ತಿದ್ದೆ."

"ಹೂಂ." ಜಿಪಾರ್ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಹೋದ ವರ್ಷ ಅವನ ಜೊತೆ ಕೂತು ನಾನೂ ಅತ್ತಿದ್ದೆ ಅಪಾ. ಮನೆಯಿಂದ ರೊಟ್ಟಿ ಒಯ್ದು ಕೊಡ್ತಿದ್ದೆ. ಈಗ್ಲೂ ಒಯ್ತೀನಿ, ಕೈ ತಾನಾಗೇ ಒಯ್ಯುತ್ತೆ. ಅವನು ಬಾಯಿ ತೆಗೆದ್ರೆ ಮಾತ್ರ, ಬೇಗ ಮುಗ್ಸಪ್ಪ ಅನ್ಸುತ್ತೆ. ಅವನೊಬ್ಬನೇ ಅಲ್ಲ. ಎಲ್ಲಾ ಮಕ್ಕಳೂ. ಬೆರ್ಮೆತ್ ಕೂಡ. ನಾನು ಕೆಟ್ಟೋಳಾಗಿಬಿಟ್ಟೆ ಅಂತ ಕಾಣುತ್ತೆ."

"ಫೋನಲ್ಲಿ ಯಾರು?"

"ಅವರಮ್ಮಂದಿರು. ಕೆಲ್ಸ ಮುಗಿಸಿ ಮಾಸ್ಕೋದಿಂದ ದನಿ ರೆಕಾರ್ಡ್ ಮಾಡಿ ಕಳಿಸ್ತಾರೆ. ಮಗು ಉಂಡಿತಾ, ಮಗು ನನ್ನ ಕೇಳ್ತಾ ಅಂತ. ಎಲ್ಲಾ ಕೇಳಿಸ್ಕೊಂಡು, ಚೆನ್ನಾಗಿದೆ, ಚೆನ್ನಾಗಿದೆ ಅಂತ ಹೇಳಿ ಮನೆಗೆ ಬರ್ತೀನಿ. ಮನೆಗೆ ಬಂದ ಮೇಲೂ ಬರ್ತಾನೇ ಇರುತ್ತೆ."

"ಇದನ್ನ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋದೂ ಒಂದು ಕೆಲ್ಸ ಅಲ್ವಾ ಅಪಾ."

"ಮೊನ್ನೆ ಒಂದೇ ಒಂದು ಮಾತು, ಮಾವನ ಹೆಸರಿನೋನು ಅಂದಿದ್ರೆ ಮುಗೀತಿತ್ತಲ್ಲೇ. ಗಂಡ ಎದ್ದು ಹೋದ. ನಾಳೆ ಹಿರಿಯರು ಬರ್ತಾರೆ. ಮಗೂನ ಬಿಟ್ಟು ಹೋಗ್ಬೇಕಾಗುತ್ತೆ, ಗೊತ್ತಾ?"

"ಗೊತ್ತು. ತವರಿಗೆ ಹೋದ್ರೆ ಮಲಗ್ಬಹುದು ಅನ್ನಿಸ್ತು."

ಸಾಯ್ರಾಕಾನಳಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಆದರೂ ಹಳೆಯ ಅಭ್ಯಾಸ ಬಿಡದೆ, "ಇಷ್ಟೇನಾ? ಇನ್ನೇನೂ ಮುಚ್ಚಿಟ್ಟಿಲ್ವಾ?" ಎಂದಳು. ಇಷ್ಟೇ ಎಂಬ ಉತ್ತರವನ್ನೂ ನಂಬದೆ, ದಾರಿಯಲ್ಲಿ ಕಲಿಪಾಳ ಮನೆಗೆ ನುಗ್ಗಿ ವಿಚಾರಿಸಿದಳು. ಹೀಗೂ ಇರುತ್ತದೆಯೇ, ಅಥವಾ ಇದು ಓದಿದವರ ನೆಪವೇ?

ಕಲಿಪಾ ಕೊಯ್ಯುತ್ತಿದ್ದ ಈರುಳ್ಳಿಯಿಂದ ತಲೆಯೆತ್ತಲಿಲ್ಲ. "ನಂಗೂ ಬಂದಿತ್ತು. ಒಂದು ಹುಡುಗಿ ಬಂದು ಅಪ್ಪ ಸತ್ತ ಅಂದ್ಲು. ಪುಸ್ತಕ ತಂದಿದೀಯಾ ಅಂತ ಕೇಳಿದೆ ನಾನು. ಆಗ ಅದಕ್ಕೆ ಹೆಸರೂ ಇರ್ಲಿಲ್ಲ, ಮೈಗಳ್ಳತನ ಅಂತಿದ್ರು."

"ಏನು ಮಾಡ್ದೆ?"

"ಏನೂ ಮಾಡ್ಲಿಲ್ಲ. ಪಿಂಚಣಿವರೆಗೂ ಎಳೆದೆ. ನನ್ನ ಹತ್ರ ಕಲ್ತೋರು ಈಗ್ಲೂ ನನ್ನ ಕಂಡ್ರೆ ರಸ್ತೆಯ ಆಚೆ ಬದಿಗೆ ದಾಟ್ತಾರೆ, ನೀನು ನೋಡಿಲ್ವಾ?" ಕಲಿಪಾ ಚೂರಿಯ ಬೆನ್ನಿನಿಂದ ಈರುಳ್ಳಿಯನ್ನು ಬಾಣಲೆಗೆ ತಳ್ಳಿದಳು. "ಸಂಜೆ ಆದ್ರೆ ಆ ಫೋನ್ ಅವಳ ಕೈಯಿಂದ ಕಿತ್ಕೋ. ಒಂದು ಪಾಳಿ ಸಾಕು ಅಂತ ಹೆಡ್‌ಮಾಸ್ಟರ್‌ಗೆ ಹೇಳ್ಸು, ನಾನೂ ಬರ್ತೀನಿ ಬೇಕಾದ್ರೆ. ಮತ್ತೆ ಅವಳಿಗೆ ಹೇಳು, ಪ್ರೀತಿ ಬರ್ದಿದ್ರೂ ಲೆಕ್ಕ ಹೇಳ್ಕೊಡ್ಬಹುದು ಅಂತ. ಅಷ್ಟು ಸಾಕು ಅಂತ ಯಾರೂ ಹೇಳ್ಲಿಲ್ಲ ನಂಗೆ."

ಶುಕ್ರವಾರದ ನಮಾಜು ಮುಗಿಸಿ ಅವರು ಬಂದರು. ಸತ್ತ ತೆಮಿರನ ಅಣ್ಣ ಶಾರ್ಷೆನ್ ಮುಂದೆ, ಊರ ಹಿರಿಯರಿಬ್ಬರು ಅವನ ಹಿಂದೆ, ಕೊನೆಯಲ್ಲಿ ಮಿರ್ಲಾನ್. ಸಾಯ್ರಾಕಾನ್ ಹಾಸು ಹಾಸಿ, ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದ ಬೊರ್ಸೊಕ್ ಸುರಿದು, ಚಹಾವನ್ನು ತಾನೇ ಹಾಕಿದಳು. ಜಿಪಾರ್ ಬಾಗಿಲ ಹತ್ತಿರ ಕೂತಿದ್ದಳು, ಪಕ್ಕದಲ್ಲಿ ಬೆರ್ಮೆತ್.

"ಹೇ ಸಾಯ್ರಾಕಾನ್, ಮಾತು ನಿನ್ನದು" ಎಂದ ಶಾರ್ಷೆನ್. "ಏನು ನೋಡಿದ್ಯೋ ಹೇಳು."

"ತಪ್ಪಾಗಿ ನೋಡ್ದೆ."

ಮಿರ್ಲಾನ್ ತಲೆಯೆತ್ತಿದ. "ಅಪಾ, ಅವತ್ತು ಹಾಗಂದಿಲ್ಲ ನೀನು."

"ಬೊಲೊತ್ ಅನ್ನೋನು ಮೂರನೇ ತರಗತಿ ಹುಡುಗ. ಅವನ ಹೆಸರು ತೆಮಿರ್. ನಿನ್ನಪ್ಪನ ಹೆಸರು ಬಾಯಲ್ಲಿ ಬರಬಾರ್ದು ಅಂತ ಇವಳು ಹಾಗೆ ಕರೀತಾಳೆ. ನಂಬ್ದೇ ಇದ್ರೆ ಹೋಗಿ ಕೇಳ್ಕೊಂಡು ಬಾ."

ಹಿರಿಯರಿಬ್ಬರೂ ಗಡ್ಡ ಸವರಿಕೊಂಡರು. ಶಾರ್ಷೆನ್ ಮಾತ್ರ ಬಿಡಲಿಲ್ಲ. "ಅದು ಸರಿ. ತಂಗುದಾಣದಲ್ಲಿ ಕೂತು ಫೋನಲ್ಲಿ ಮಾತಾಡೋದು? ಊರೆಲ್ಲ ನೋಡಿದೆ. ಮನೇಲಿ ಆಡೋಕಾಗದ ಮಾತು ಯಾರ ಜೊತೆ?"

"ಮಾಸ್ಕೋಗೆ ಹೋದ ನಿಮ್ಮ ನಿಮ್ಮ ಹೆಣ್ಣುಮಕ್ಕಳ ಜೊತೆ" ಎಂದಳು ಸಾಯ್ರಾಕಾನ್. "ಬೆರ್ಮೆತ್, ಅಮ್ಮನ ಫೋನ್ ತಾ. ನಿನ್ನೆ ಬಂದ ದನಿ ಒತ್ತು."

ಹುಡುಗಿ ಒತ್ತಿದಳು. ರೊಟ್ಟಿಗಳ ನಡುವೆ ಇಟ್ಟ ಫೋನಿನಿಂದ, ಹಿಂದೆ ರೈಲಿನ ಸದ್ದಿರುವ ಒಂದು ದನಿ ಬಂತು: "ಅಕ್ಕೋರೇ, ಮಲಗಿದ್ರಾ? ಕ್ಷಮಿಸಿ. ನನ್ನ ಮಗಳು ಉಂಡ್ಲಾ? ಅವಳ ಕೆಮ್ಮು ಹೇಗಿದೆ? ನಿಮ್ಮ ಹತ್ರ ಬಿಟ್ರೆ ಯಾರ ಹತ್ರ ಹೇಳ್ಲಿ ನಾನು..."

ಶಾರ್ಷೆನನ ಬಟ್ಟಲು ಅರ್ಧ ದಾರಿಯಲ್ಲಿ ನಿಂತಿತು. ಆ ದನಿ ಮಾಸ್ಕೋದಲ್ಲಿದ್ದ ಅವನ ಸ್ವಂತ ಮಗಳು ಕುಂದುಜಳದು. ಅವನಿಗೆ ಅವಳು ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು.

"ಅಕ್ಕೋರೇ, ಅಪ್ಪನಿಗೆ ಮಾತ್ರ ಹೇಳ್ಬೇಡಿ. ಇಲ್ಲಿ ನಾನು..."

ಜಿಪಾರ್ ಫೋನಿನತ್ತ ಹಾಸಿನ ಮೇಲೆಯೇ ಹಾರಿಬಿದ್ದಳು. ಬೊರ್ಸೊಕ್ಕುಗಳು ಚೆಲ್ಲಾಡಿದವು, ಒಬ್ಬ ಹಿರಿಯನ ಚಹಾ ಮಗುಚಿತು. ಫೋನನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅವಳು ಅತ್ತೆಯ ಮುಖಕ್ಕೆ ಕೂಗಿದಳು. "ಸಾಕು! ಇದು ನಿಮ್ದಲ್ಲ. ಯಾರ ಮನೆಯೋರದ್ದೂ ಅಲ್ಲ. ಅವಳು ನಂಗೆ ಹೇಳಿದ್ದು. ನನ್ನ ಬಗ್ಗೆ ಏನು ಬೇಕಾದ್ರೂ ಆಡ್ಕೊಳ್ಳಿ, ಹೊರಗೆ ಹಾಕಿ, ಇದನ್ನ ಮುಟ್ಬೇಡಿ."

ಮದುವೆಯಾಗಿ ಬಂದ ಮೇಲೆ ಹಿರಿಯರ ಎದುರು ಅವಳು ದನಿಯೆತ್ತಿದ್ದು ಅದೇ ಮೊದಲು. ಮಿರ್ಲಾನ್ ಎದ್ದು ನಿಂತ. ಸಾಯ್ರಾಕಾನ್ ಮಗನ ಪ್ಯಾಂಟು ಹಿಡಿದು ಕೆಳಗೆ ಎಳೆದಳು. "ಕೂತ್ಕೋ. ಕೂಗ್ಲಿ ಬಿಡು. ಎಷ್ಟು ದಿನ ಆಯ್ತು ಇವಳು ಕೂಗಿ."

"ಏನು ಹೇಳ್ಬೇಡಿ ಅಂದ್ಲು?" ಎಂದ ಶಾರ್ಷೆನ್. ದನಿ ಸಣ್ಣದಾಗಿತ್ತು. "ಅಕ್ಕೋರೇ, ನನ್ನ ಮಗಳಿಗೆ ಏನಾಗಿದೆ?"

"ನಾನು ಹೇಳಲ್ಲ" ಎಂದಳು ಜಿಪಾರ್. ಅವಳ ಕೆನ್ನೆ ಕೆಂಪಾಗಿತ್ತು, ಉಸಿರು ಏರಿಳಿಯುತ್ತಿತ್ತು. "ನೀವೇ ಕೇಳಿ. ನಿಮ್ಮ ಮಗಳನ್ನ ನೀವೇ ಕೇಳಿ."

ತವರಿಗೆ ಕಳಿಸುವ ಮಾತು ಆಮೇಲೆ ಯಾರೂ ತೆಗೆಯಲಿಲ್ಲ. ಶಾರ್ಷೆನ್ ಕೊನೆಯ ಪ್ರಾರ್ಥನೆ, ದುವಾ, ಹೇಳುವುದನ್ನೂ ಮರೆತು ಎದ್ದ, ಅಂಗಳದಲ್ಲಿಯೇ ನಿಂತು ತನ್ನ ಫೋನನ್ನು ತೆಗೆದ, ಮತ್ತೆ ಜೇಬಿಗೆ ಹಾಕಿಕೊಂಡ. ಉಳಿದ ಹಿರಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹೆಣ್ಣುಮಕ್ಕಳೂ ಮಾಸ್ಕೋದಲ್ಲಿಯೇ ಇದ್ದರು.

ಹೆಡ್‌ಮಾಸ್ಟರು ಒಂದು ಪಾಳಿಯನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಕಲಿಪಾ ಹೋಗಿ ಅವನ ಕುರ್ಚಿಯ ಎದುರು ಕೂತು ಹಳೆಯ ಜಗಳಗಳನ್ನೆಲ್ಲ ತೆಗೆದ ಮೇಲೆ ಒಪ್ಪಿದ. ಮಿರ್ಲಾನ್ ಮನೆಗೆ ಮರಳಿದ. ಮೊದಲ ವಾರ ಹೆಂಡತಿಯಿಂದ ಅವನಿಗೆ ಸಿಕ್ಕಿದ್ದು ಬೈಗುಳ. ಸಾಯ್ರಾಕಾನ್ ಗೋಡೆಯ ಆಚೆ ಕೂತು ಉಣ್ಣೆ ನೂಲುತ್ತ ಅದನ್ನು ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. ಜಿಪಾರ್ ಮಧ್ಯಾಹ್ನ ಶಾಲೆಯಿಂದ ಬಂದು ಮಲಗಿದರೆ ದನ ಬರುವವರೆಗೂ ಏಳುತ್ತಿರಲಿಲ್ಲ. ನೆರೆಯವರು ನೋಡಿ ನಕ್ಕರೆ, ನಿಮ್ಮ ಮಕ್ಕಳನ್ನು ನೀವು ಸಾಕಿ, ಆಮೇಲೆ ನಗಿ ಎಂದಳು ಸಾಯ್ರಾಕಾನ್.

ಸಂಜೆಯಾದರೆ ಫೋನು ಸಾಯ್ರಾಕಾನಳ ಏಪ್ರನ್ ಜೇಬಿಗೆ ಬರುತ್ತಿತ್ತು. ಬಂದ ದನಿಗಳನ್ನು ಅವಳು ತೆರೆಯುವಂತಿರಲಿಲ್ಲ, ಅದು ಜಿಪಾರ್ ಹಾಕಿದ ಕಟ್ಟಳೆ. ಬೆರ್ಮೆತ್ ಗುಂಡಿ ಒತ್ತಿ ಹಿಡಿಯುತ್ತಿದ್ದಳು, ಸಾಯ್ರಾಕಾನ್ ಫೋನಿಗೆ ಬಾಯಿ ತೀರ ಹತ್ತಿರ ತಂದು, ಹೊಲದಾಚೆಯವರನ್ನು ಕರೆಯುವ ದನಿಯಲ್ಲಿ ಉತ್ತರ ಕಳಿಸುತ್ತಿದ್ದಳು.

"ನಾನು ಸಾಯ್ರಾಕಾನ್. ಅಕ್ಕೋರು ಈಗಿಲ್ಲ, ನಾಳೆ ಬೆಳಿಗ್ಗೆ ಸಿಗ್ತಾರೆ. ನಿನ್ನ ಮಗು ಉಂಡಿದೆ. ಉಂಡಿಲ್ಲ ಅಂತ ಅನುಮಾನ ಬಂದ್ರೆ ನಾನೇ ಹೋಗಿ ನೋಡ್ತೀನಿ, ನಂಗೆ ಅನುಮಾನ ಬೇಗ ಬರುತ್ತೆ. ನೀನು ಉಂಡ್ಯಾ?"

ಗುಲ್ಸುನ್ ಇಲ್ಲಿಗೆ ನಿಲ್ಲಿಸಿದಳು. ಆರಿಸಿದ ಕಾಳು ಒಂದು ಕಡೆ, ಕಲ್ಲು ಒಂದು ಕಡೆ ಗುಡ್ಡೆಯಾಗಿತ್ತು.

"ಆ ಹುಡುಗನ ಮೇಲೆ ಅಕ್ಕೋರಿಗೆ ಮತ್ತೆ ಪ್ರೀತಿ ಬಂತಾ?" ಎಂದು ಒಬ್ಬಳು ಕೇಳಿದಳು.

"ಲೆಕ್ಕ ಹೇಳ್ಕೊಡ್ತಿದ್ದಾಳೆ" ಎಂದಳು ಗುಲ್ಸುನ್.

"ಕುಂದುಜಳಿಗೆ ಏನಾಗಿತ್ತಂತೆ?" ಎಂದಳು ಇನ್ನೊಬ್ಬಳು.

"ಅಕ್ಕೋರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಮಾಸ್ಕೋದಲ್ಲಿ ಮಗಳಿರುವ ಹೆಂಗಸೊಬ್ಬಳು ತನ್ನ ಫೋನನ್ನು ಕೈಗೆ ತೆಗೆದುಕೊಂಡು ಮೊದಲು ಎದ್ದಳು. ಉಳಿದವರೂ ಮಡಿಲ ಹೊಟ್ಟು ಕೊಡವಿಕೊಂಡು, ದಿನವೂ ಜೊತೆಗೂಡಿ ಹೋಗುವ ಹಾಗೆ ಹೋಗದೆ, ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗಳಿಗೆ ನಡೆದರು.